ಎರಡು ಮೈಲಿ ಒಂದು ಫರ್ಲಾಂಗು

ರಸ್ತೆ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿದು, "ಸಾರ್, ನಿಮ್ಮ ಕಾಲದ ಅನುಭವ ಬರೆದಿಡಿ, ನಮಗೆ ಉಪಯೋಗ ಆಗ್ತದೆ" ಅನ್ನುತ್ತಾರೆ. ಯಾವ ಮಳೆಗಾಲದಲ್ಲಿ ಯಾವ ಮೋರಿ ಹೇಗೆ ಉಳಿಸಿದೆ ಅನ್ನುವಂಥ ಶೂರತನದ ಮಾತು ಅವರಿಗೆ ಬೇಕು. ಮೇಸ್ತ್ರಿಯಾಗಿ ಸೇರಿದೆ, ಓವರ್‌ಸಿಯರ್ ಆಗಿ ಮನೆಗೆ ಬಂದೆ. ನಡುವೆ ಯಾವಾಗ ಏನಾದೆ ಅನ್ನುವುದನ್ನು ತಿಳಿದು ಯಾರೂ ಉದ್ಧಾರ ಆಗುವುದಿಲ್ಲ. ನನಗೆ ಹೇಳಲು ಇರುವುದು ಒಂದೇ ಒಂದು ಸಂಗತಿ. ಅದನ್ನು ನಾಚಿಕೆಯಿಂದ ಇಷ್ಟು ವರ್ಷ ಮುಂದೂಡಿಕೊಂಡು ಬಂದಿದ್ದೇನೆ. ಇವತ್ತು ಬರೆದುಬಿಡುತ್ತೇನೆ.

ಐವತ್ತರ ದಶಕದ ಕೊನೆಯ ವರ್ಷಗಳು. ನಾನು ಶಿಕಾರಿಪುರದ ಸೆಕ್ಷನ್ನಿನಲ್ಲಿ ರಸ್ತೆ ಮೇಸ್ತ್ರಿ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ರಸ್ತೆ ಅಳೆಯುವುದು, ಮೈಲಿಗಲ್ಲು ನೆಡಿಸುವುದು, ಎಲ್ಲಿಂದ ಎಲ್ಲಿಗೆ ಎಷ್ಟು ಮೈಲಿ ಎಂಬ ದೂರದ ಪುಸ್ತಕ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಇಬ್ಬರು ಆಳು, ಒಂದು ಕಬ್ಬಿಣದ ಸರಪಣಿ, ಹತ್ತು ಕಡ್ಡಿ. ಮುಂದಿನವನು ಸರಪಣಿ ಎಳೆದು ಕಡ್ಡಿ ನೆಡುತ್ತಾನೆ, ಹಿಂದಿನವನು ಕಿತ್ತುಕೊಂಡು ಬರುತ್ತಾನೆ, ನಾನು ನಡುವೆ ಪುಸ್ತಕ ಹಿಡಿದು ಲೆಕ್ಕ ಬರೆಯಬೇಕು. ದಿನಕ್ಕೆ ನಾಲ್ಕು ಮೈಲಿ ಮುಗಿಸಿದರೆ ಸೊಂಟ ಬಿದ್ದುಹೋಗುತ್ತಿತ್ತು. ಅದಕ್ಕೆ ನಮ್ಮಲ್ಲಿ ಒಂದು ಕಳ್ಳದಾರಿ ಇತ್ತು. ಸೈಕಲ್ಲಿನ ಚಕ್ರದ ಕಡ್ಡಿಗೆ ಕೆಂಪು ಬಟ್ಟೆಯ ಚೂರು ಕಟ್ಟಿ, ಅದು ಎಷ್ಟು ಸಲ ಮೇಲೆ ಬಂತು ಎಂದು ಎಣಿಸಿಕೊಂಡು ಹೋಗುವುದು. ಎದುರಿಗೆ ಪರಿಚಯದವರು ಬಂದು "ಎಲ್ಲಿಗೆ ಹೊಂಟ್ರಿ?" ಅಂದರೆ ಎಣಿಕೆ ತಪ್ಪುತ್ತಿತ್ತು. ಆಗ ಒಂದು ಅಂದಾಜು ಹಾಕಿ ಮುಂದಕ್ಕೆ ತುಳಿಯುವುದು.

ಅಂಜನಾಪುರದ ರಸ್ತೆಯಲ್ಲಿ ಒಮ್ಮೆ ಹೀಗಾಯಿತು. ಏಳನೆಯ ಮೈಲಿಗಲ್ಲೇ ಕಾಣಲಿಲ್ಲ. ಅತ್ತ ಇತ್ತ ಹುಡುಕಿದರೆ ಕಾಲುವೆಯ ದಂಡೆಯಲ್ಲಿ ಹೆಂಗಸರು ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. "ಸರ್ಕಾರದ ಕಲ್ಲು ಅದು, ತಿಳೀತೇನಮ್ಮಾ?" ಎಂದು ಗದರಿಸಿದೆ. ಒಬ್ಬಾಕೆ ಸೊಂಟದ ಮೇಲೆ ಕೈಯಿಟ್ಟು, "ದಾರಿ ಗೊತ್ತಿದ್ದೋರಿಗೆ ಕಲ್ಲು ಬ್ಯಾಡ್ರಿ, ಗೊತ್ತಿಲ್ದೋರು ನಮ್ಮನ್ನ ಕೇಳ್ತಾರ. ನೀವ ಹೇಳ್ರಿ, ಇದು ಎಲ್ಲಿತ್ತು?" ಅಂದಳು. ನನಗೆ ಗೊತ್ತಿರಲಿಲ್ಲ. ಸರಪಣಿ ಶಿಕಾರಿಪುರದಲ್ಲಿತ್ತು. ಆಳುಗಳಿಂದ ಕಲ್ಲು ಹೊರಿಸಿ, ನೆರಳು ಚೆನ್ನಾಗಿದ್ದ ಒಂದು ಕಡೆ ಗುಂಡಿ ತೋಡಿಸಿ ನೆಡಿಸಿಬಿಟ್ಟೆ. ಅವರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನಾನೂ ನಕ್ಕೆ. ಅವತ್ತು ನಾಚಿಕೆಯಾಗಲಿಲ್ಲ, ಆಗಬೇಕಿತ್ತು.

ನಮ್ಮ ಮೇಲಿನವರು ಮಾಧವರಾಯರು ಅಂತ ಓವರ್‌ಸಿಯರ್. ಸಿಟ್ಟಿನ ಮನುಷ್ಯ, ಆದರೆ ಒಳಗೆ ಕೆಟ್ಟವರಲ್ಲ. ಅವರಿಗೆ ಪುಸ್ತಕ ತುಂಬಿರಬೇಕು, ಅಷ್ಟೆ. ಖಾಲಿ ಕಾಲಂ ಕಂಡರೆ, "ಏನಯ್ಯಾ ಚನ್ನಪ್ಪ, ಇದೇನು ನಿನ್ನ ಬೋಳು ತಲೆಯೇ, ಖಾಲಿ ಬಿಡೋಕೆ?" ಅನ್ನುತ್ತಿದ್ದರು. ತುಂಬಿದ ಕಾಲಂ ಸುಳ್ಳೋ ನಿಜವೋ ಎಂದು ಅವರು ಕೇಳುತ್ತಿರಲಿಲ್ಲ, ನಾವು ಹೇಳುತ್ತಿರಲಿಲ್ಲ. ಹುಡುಗರು ಇದನ್ನು ಓದಿ ಮಾಧವರಾಯರ ಮೇಲೆ ತಪ್ಪು ಹೊರಿಸಬಾರದು. ನನ್ನ ತಪ್ಪು ನನ್ನದೇ.

ಆಗ ರಾಜ್ಯ ಒಂದಾಗಿ ಹೆಚ್ಚು ದಿನ ಆಗಿರಲಿಲ್ಲ. ಅದಕ್ಕೂ ಮೊದಲು ಆನವಟ್ಟಿ ದಾಟಿ ಸ್ವಲ್ಪ ದೂರ ಹೋದರೆ ನಮ್ಮ ಸೀಮೆ ಮುಗಿಯುತ್ತಿತ್ತು. ಆಚೆ ಹಾನಗಲ್ಲಿನ ಕಡೆಯದು ಮುಂಬಯಿ ಸರ್ಕಾರದ್ದು. ನಮ್ಮ ಮೈಲಿಗಲ್ಲು ನಮ್ಮ ಲೆಕ್ಕದಲ್ಲಿ ಬರುತ್ತಿತ್ತು, ಅವರದು ಅವರ ಲೆಕ್ಕದಲ್ಲಿ. ದೊಡ್ಡ ರಸ್ತೆಯಲ್ಲಿ ಎರಡೂ ಕಲ್ಲು ಎದುರುಬದುರು ಇದ್ದವು, ತೊಂದರೆ ಇರಲಿಲ್ಲ. ಆದರೆ ಇನ್ನೊಂದು ಒಳದಾರಿ ಇತ್ತು. ಅಲ್ಲಿ ನಮ್ಮ ಕೊನೆಯ ಕಲ್ಲು ಒಂದು ಮತ್ತಿಮರದ ಬುಡದಲ್ಲಿ ನಿಂತುಬಿಡುತ್ತಿತ್ತು. ಅವರ ಮೊದಲ ಕಲ್ಲು ಆಚೆಯ ಒಂದು ಹಳ್ಳಿಯಲ್ಲಿ. ನಡುವೆ ಇದ್ದದ್ದು ಬರೀ ಗಾಡಿ ಜಾಡು. ನಾವು ಅದು ಅವರದು ಅಂದೆವು, ಅವರು ನಮ್ಮದು ಅಂದರು. ಅದನ್ನು ಯಾರೂ ಅಳೆದಿರಲಿಲ್ಲ, ಒಂದು ಬುಟ್ಟಿ ಮಣ್ಣು ಹಾಕಿರಲಿಲ್ಲ.

ರಾಜ್ಯ ಒಂದಾದ ಮೇಲೆ ಎರಡು ಕಡೆಯ ದೂರದ ಪುಸ್ತಕ ಸೇರಿಸಿ ಒಂದು ಮಾಡಬೇಕೆಂದು ಆರ್ಡರ್ ಬಂತು. ಆ ಜಾಡನ್ನು ಅಳೆದು ಬಾ ಎಂದು ಮಾಧವರಾಯರು ನನ್ನನ್ನು ಕಳಿಸಿದರು. ಬೇಸಗೆ ಆಗಷ್ಟೇ ಶುರುವಾಗಿತ್ತು. ಅವತ್ತೇ ಆನವಟ್ಟಿಯಲ್ಲಿ ನನ್ನ ಸೋದರಮಾವನ ಮಗಳ ನಿಶ್ಚಿತಾರ್ಥ. ಮತ್ತಿಮರದ ಹತ್ತಿರ ಹೋಗುವ ಹೊತ್ತಿಗೆ ಬಿಸಿಲು ಏರಿತ್ತು, ಒಬ್ಬ ಆಳಿನ ಕಾಲಿಗೆ ಮುಳ್ಳು ಚುಚ್ಚಿತ್ತು, ನನ್ನ ಮನಸ್ಸೆಲ್ಲ ಹೋಳಿಗೆಯ ಮೇಲಿತ್ತು. ಸುಳ್ಳು ಯಾಕೆ ಹೇಳಲಿ, ಕಾರಣ ಹೋಳಿಗೆಯೇ.

ಅಷ್ಟರಲ್ಲಿ ಒಂದು ಖಾಲಿ ಗಾಡಿ ಬಂತು. ಸಂತೆಯಲ್ಲಿ ಭತ್ತ ಇಳಿಸಿ ಆಚೆಯ ಹಳ್ಳಿಗೆ ವಾಪಸು ಹೋಗುವ ಮುದುಕ. "ಅಜ್ಜಾ, ನಿಮ್ಮೂರು ಎಷ್ಟು ದೂರ?" ಎಂದೆ.

"ಎಷ್ಟ ಅಂದ್ರ? ಅರ್ಧ ಹರದಾರಿ ಆದೀತಪ್ಪ. ಒಂದು ಸಲ ಎಲಿ ಹಾಕ್ಕೊಂಡು ಉಗುಳೂದ್ರಾಗ ಮನಿ" ಅಂದ ಮುದುಕ.

ಹರದಾರಿ ಅಂದರೆ ಮೂರು ಮೈಲಿ ಅಂತ ಶಾಲೆಯ ಲೆಕ್ಕ. ಅರ್ಧ ಅಂದರೆ ಒಂದೂವರೆ. ಗಾಡಿಯವರ ಮಾತು ಸ್ವಲ್ಪ ಕಡಿಮೆ ಇರುತ್ತದೆ ಎಂದು ಎರಡು ಮೈಲಿ ಮಾಡಿದೆ. ಗಾಡಿಯವನ ಹರದಾರಿ ಎತ್ತಿನ ದಣಿವಿನ ಲೆಕ್ಕ ಅನ್ನುವುದು ಈ ಸೀಮೆಯಲ್ಲಿ ಹುಟ್ಟಿದ ನನಗೆ ಚೆನ್ನಾಗಿ ಗೊತ್ತಿತ್ತು. ಹೇರು ತುಂಬಿದ ಗಾಡಿಯ ಹರದಾರಿಯೇ ಬೇರೆ. ಖಾಲಿ ಗಾಡಿ, ಅದೂ ಎತ್ತು ಮನೆಯ ಕಡೆ ಮುಖ ಮಾಡಿದ್ದರೆ, ಹರದಾರಿಯೇ ಬೇರೆ. ಗೊತ್ತಿದ್ದೂ ಆ ಕ್ಷಣ ಮರೆತೆ. ಪುಸ್ತಕದಲ್ಲಿ "ಎರಡು ಮೈಲಿ" ಎಂದು ಬರೆದೆ. ಸರಿಯಾಗಿ ಎರಡು ಅಂದರೆ ಅಂದಾಜು ಅನ್ನುವುದು ಮಾಧವರಾಯರಿಗೆ ವಾಸನೆ ಬಡಿಯಬಹುದು ಎಂದು ಪಕ್ಕದಲ್ಲಿ "ಒಂದು ಫರ್ಲಾಂಗು" ಅಂತ ಸೇರಿಸಿದೆ. ಮೈಲಿಯ ಎಂಟನೆಯ ಒಂದು ಪಾಲು, ಅಳೆದವರು ಮಾತ್ರ ಬರೆಯಬಹುದಾದ ಮಾತು ಅದು. ಮಧ್ಯಾಹ್ನದ ಊಟಕ್ಕೆ ಸರಿಯಾಗಿ ಹೋದೆ. ಮಾಧವರಾಯರು ಪುಸ್ತಕ ನೋಡಿ, "ಭೇಷ್, ಫರ್ಲಾಂಗಿನವರೆಗೂ ಹಿಡಿದಿದೀಯ" ಅಂದು ಸಹಿ ಹಾಕಿದರು.

ಮುಂದಿನ ಬೇಸಗೆಗೆ ಸೊರಬದ ಕಾಡಂಚಿನ ಹಳ್ಳಿಗಳಲ್ಲಿ ಮಂಗಗಳು ಸಾಯತೊಡಗಿದವು. ಅವುಗಳ ಹಿಂದೆಯೇ ಮನುಷ್ಯರಿಗೆ ಜ್ವರ. ಕ್ಯಾಸನೂರಿನ ಹೆಸರು ಆಮೇಲೆ ಎಲ್ಲರಿಗೂ ಗೊತ್ತಾಯಿತು. ಆಗ ನಮಗೆ ಗೊತ್ತಿದ್ದದ್ದು ಸೌದೆಗೆ ಹೋದವರು ಮಲಗುತ್ತಾರೆ, ಕೆಲವರು ಏಳುವುದಿಲ್ಲ ಅನ್ನುವುದಷ್ಟೇ. ಧಾರವಾಡದ ಕಡೆಯ ಒಬ್ಬ ಡಾಕ್ಟರು ಆನವಟ್ಟಿಯ ಬಂಗಲೆಯಲ್ಲಿ ಬಂದು ಇಳಿದರು. ರೋಗಿಗಳ ರಕ್ತ ತೆಗೆದು, ಐಸಿನಲ್ಲಿಟ್ಟು, ಪುಣೆಗೆ ಕಳಿಸುವುದು ಅವರ ಕೆಲಸ. ಅಲ್ಲಿ ಪರೀಕ್ಷೆಯಾಗಿ ಯಾವ ಜ್ವರ ಎಂದು ಕಾಗದ ಬರಬೇಕು. ಐಸು ಶಿವಮೊಗ್ಗದಿಂದ ಮರದ ಹೊಟ್ಟಿನಲ್ಲಿ ಹುದುಗಿಸಿ ಬಸ್ಸಿನ ಮೇಲೆ ಬರುತ್ತಿತ್ತು.

ಬೆಳಗಾವಿಯ ವಿಮಾನ ನಿಲ್ದಾಣಕ್ಕೆ ದಾರಿಯ ಪಟ್ಟಿ ಬೇಕೆಂದು ಡಾಕ್ಟರು ನಮ್ಮ ಆಫೀಸಿಗೆ ಹೇಳಿ ಕಳಿಸಿದರು. ಮಾಧವರಾಯರು ನನ್ನನ್ನು ಅಟ್ಟಿದರು. ಡಾಕ್ಟರು ನಕಾಶೆ ಹರಡಿಕೊಂಡು ಕೂತಿದ್ದರು.

"ನೋಡ್ರಿ ಮೇಸ್ತ್ರಿ. ಬೆಳಗಾವಿಯಿಂದ ಪುಣೆಗೆ ರಸ್ತೆದಾಗ ಎರಡ್ನೂರು ಮೈಲಿ ಮ್ಯಾಲ. ಒಂದಿನ ಬೇಕು. ರೈಲಿಗೆ ಹ್ವಾದ್ರ ಇಡೀ ರಾತ್ರಿ. ವಿಮಾನಕ್ಕ ಒಂದೂಕಾಲು ತಾಸು" ಅಂದರು.

ನಾನು ಬಾಯಿ ತೆರೆದುಕೊಂಡು ನಿಂತೆ. ಒಂದೂಕಾಲು ಗಂಟೆಯಲ್ಲಿ ನಾವು ಆನವಟ್ಟಿಯಿಂದ ಸೊರಬ ಮುಟ್ಟುವುದೇ ಕಷ್ಟ. "ಅದು ಹೆಂಗೆ ಸಾರ್? ಆಕಾಶದಲ್ಲಿ ಯಾರು ಸರಪಣಿ ಎಳೆದರು?" ಎಂದು ಕೇಳಿದೆ.

ಡಾಕ್ಟರು ಜೋರಾಗಿ ನಕ್ಕರು. "ಮ್ಯಾಲ ತಿರುವು ಇಲ್ಲ, ಘಾಟ್ ಇಲ್ಲ, ಎತ್ತಿನ ಗಾಡಿ ಅಡ್ಡ ಬರೂದಿಲ್ಲ. ಅವ್ರು ತಾಸಿನ ಲೆಕ್ಕ ಇಡ್ತಾರ, ಎರಡಕ್ಕ ಹಾರತೈತಿ ಅಂದ್ರ ಎರಡಕ್ಕ ಹಾರತೈತಿ. ಮ್ಯಾಲಿನ ಚಿಂತಿ ನಂಗಿಲ್ಲ. ನಮ್ಮ ಕೆಳಗಿನ ಹಾದಿ ಎಷ್ಟು, ಅದನ್ನ ಖರೇ ಹೇಳ್ರಿ."

ವಿಮಾನ ವಾರಕ್ಕೆ ಮೂರು ದಿನ. ತಪ್ಪಿದರೆ ಎರಡು ದಿನ ಕಾಯಬೇಕು. ಐಸು ಏಳೆಂಟು ಗಂಟೆ ತಡೆದರೆ ಹೆಚ್ಚು. ನಾನು ಪುಸ್ತಕ ತೆಗೆದು ಪಟ್ಟಿ ಬರೆದೆ. ಹಾನಗಲ್ಲಿನ ದೊಡ್ಡ ರಸ್ತೆಯಲ್ಲಿ ನೂರ ಮೂವತ್ತೊಂದು ಮೈಲಿ. ಒಳದಾರಿಯಲ್ಲಿ ನೂರ ಇಪ್ಪತ್ತಮೂರು. ಒಳದಾರಿಯ ನಡುವೆ ಆ ಎರಡು ಮೈಲಿ ಒಂದು ಫರ್ಲಾಂಗು ಬಂದಾಗ ಪೆನ್ನು ಒಂದು ಗಳಿಗೆ ನಿಂತಿತು. ಆದರೂ ಬರೆದೆ. "ಎಂಟು ಮೈಲಿ ಉಳೀತದಲ್ರೀ!" ಎಂದು ಡಾಕ್ಟರು ಖುಷಿಪಟ್ಟರು. "ಒಳದಾರಿ ಸ್ವಲ್ಪ ಗಾಡಿ ಜಾಡು ಸಾರ್" ಎಂದು ಬಾಯಿ ಬಿಟ್ಟೆ. "ಜೀಪಿಗೆ ಜಾಡು ಏನ್ ಲೆಕ್ಕರೀ" ಅಂದರು. ಇನ್ನೊಂದು ಮಾತು ಹೇಳಬಹುದಿತ್ತು. ಹೇಳಿದರೆ ಅಳೆಯಲಿಲ್ಲ ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು, ಪುಸ್ತಕ ಮುಚ್ಚಿದೆ.

ಕಾಡಂಚಿನ ಒಂದು ಹಳ್ಳಿಯಲ್ಲಿ ಗುತ್ಯಪ್ಪ ಅಂತ ಒಬ್ಬ ರೈತ. ಊರಿನ ಹೆಸರು ಬೇಡ, ಅವನ ಮಗಳು ಇನ್ನೂ ಇದ್ದಾಳೆ. ನಮ್ಮ ಕಡೆ ಮಂಗ ಸತ್ತರೆ ಸುಮ್ಮನೆ ಬಿಸಾಕುವುದಿಲ್ಲ. ಹೊಸ ಬಟ್ಟೆ ಹೊದಿಸಿ, ಅರಿಸಿನ ಕುಂಕುಮ ಇಟ್ಟು, ಹಾಲು ಬಿಟ್ಟು ಮಣ್ಣು ಮಾಡುತ್ತಾರೆ. ಆಂಜನೇಯ ಅಲ್ಲವೇ. ಆ ವರ್ಷ ಸತ್ತ ಮಂಗಗಳಿಗೆಲ್ಲ ಬಟ್ಟೆ ತರಲು ಯಾರ ಕೈಲಾಗುತ್ತಿತ್ತು? ಗುತ್ಯಪ್ಪನ ಗದ್ದೆಯ ಬದುವಿನಲ್ಲಿ ಎರಡು ಬಿದ್ದು ನಾರುತ್ತಿದ್ದವು. ಅವನು ಹುಲ್ಲು ಹಾಕಿ ಸುಟ್ಟ. ಹತ್ತು ದಿನಕ್ಕೆ ಅವನ ಹೆಂಡತಿ ಹುಚ್ಚಮ್ಮ ಜ್ವರದಿಂದ ಮಲಗಿದಳು. ಸುಟ್ಟ ಪಾಪ ಹೆಂಡತಿಗೆ ತಟ್ಟಿತು ಎಂದು ಊರಿನವರು ತೀರ್ಮಾನಿಸಿದರು. ಒಬ್ಬರ ಗದ್ದೆಗೆ ಇನ್ನೊಬ್ಬರು ಸರದಿಯಲ್ಲಿ ದುಡಿಯುವ ಮುಯ್ಯಾಳು ಅವನ ಗದ್ದೆಗೆ ಬರುವುದು ನಿಂತಿತು. ಬಾವಿಯ ಹತ್ತಿರ ಅವನ ಮಗಳು ಬಂದರೆ ಉಳಿದವರು ಕೊಡ ಎತ್ತಿಕೊಂಡು ಹೋಗುತ್ತಿದ್ದರು.

ಡಾಕ್ಟರು ಎರಡು ಸಲ ಹೋಗಿ ರಕ್ತ ಕೇಳಿದರು. ಗುತ್ಯಪ್ಪ ಬಾಗಿಲಲ್ಲೇ ತಡೆದ. ಮೂರನೆಯ ಸಲ, ಬೆಳಗ್ಗೆ, ದಾರಿ ತೋರಿಸಲು ನನ್ನನ್ನೂ ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಅವತ್ತು ವಿಮಾನದ ದಿನ. ಒಳಗೆ ಹುಚ್ಚಮ್ಮ ಚಾಪೆಯ ಮೇಲೆ ಕಣ್ಣು ಕೆಂಪಗೆ ಮಾಡಿಕೊಂಡು ಮಲಗಿದ್ದಳು. ಮಾತಿಗೆ ಮಾತು ಸೇರುತ್ತಿರಲಿಲ್ಲ.

"ರಕ್ತ ತಗಂಡ್ರೆ ಇವಳು ಉಳೀತಾಳೇನ್ರೀ?" ಎಂದು ಗುತ್ಯಪ್ಪ ಕೇಳಿದ.

ಡಾಕ್ಟರು ಸುಳ್ಳು ಹೇಳಲಿಲ್ಲ. "ಅದಕ್ಕ ಔಷಧ ಇನ್ನಾ ಇಲ್ಲಪ್ಪ. ಆದ್ರ ಇದು ಕಾಡಿನ ಉಣ್ಣಿ ಕಚ್ಚಿ ಬರೋ ಜಡ್ಡು ಅಂತ ನಂಗ ಅನಸ್ತೈತಿ. ಪುಣೆದಾಗ ಅದನ್ನ ಪಕ್ಕಾ ಮಾಡಿ ಕಾಗದ ಕೊಡ್ತಾರ. ಜ್ವರ ಏರಿದ ಈ ಎರಡು ದಿನದಾಗ ತೆಗೆದ ರಕ್ತನ ಬೇಕು. ಆಮ್ಯಾಲ ತೆಗೆದ್ರ ಅದರಾಗ ಜಡ್ಡಿನ ಗುರುತು ಸಿಗೂದಿಲ್ಲ."

"ಕಾಗದದಾಗೆ ಶಾಪ ಅಲ್ಲ ಅಂತ ಇರ್ತದಾ?"

"ಜಡ್ಡಿನ ಹೆಸರು ಇರ್ತದ."

ಗುತ್ಯಪ್ಪ ನನ್ನ ಕಡೆ ತಿರುಗಿದ. ನಾನು ಹತ್ತಿರದ ಸೀಮೆಯವನು, ಅವನ ಮಾತಿನವನು. "ಮೇಸ್ತ್ರೇರೇ, ನೀವು ಹೇಳ್ರಿ. ಪುಣೆ ಅಂದ್ರೆ ಎಲ್ಲೋ ಇರೋದು. ಇವಳ ರಕ್ತ ಅಲ್ಲಿಗೆ ಹೋಗೂದ್ರೊಳಗೆ ಕೆಡೂದಿಲ್ವಾ?"

ನಾನು ದೊಡ್ಡ ಮನುಷ್ಯನ ಹಾಗೆ, "ಬೆಳಗಾವಿಗೆ ಐದು ಗಂಟೆ. ಅಲ್ಲಿಂದ ವಿಮಾನದಾಗೆ ಒಂದೂಕಾಲು ಗಂಟೆ. ದನ ಕೊಟ್ಟಿಗೆಗೆ ಬರೋ ಹೊತ್ತಿಗೆ ಪುಣೆಯಲ್ಲಿರ್ತದೆ. ದಾರಿ ನಾನೇ ಅಳೆದಿದೀನಿ ಮಾರಾಯ" ಎಂದೆ.

ನಾನೇ ಅಳೆದಿದ್ದೇನೆ. ಅವನು ಆ ಮಾತು ನಂಬಿ ಬಾಗಿಲು ಬಿಟ್ಟ. ಹೆಂಡತಿಯ ತೋಳನ್ನು ತಾನೇ ಹಿಡಿದುಕೊಂಡು ಕೂತ. ಎಂಟು ಗಂಟೆಗೆ ನಾವು ಹೊರಟೆವು.

ಜೀಪು ನಡೆಸುತ್ತಿದ್ದವನು ಬುಡೇನ್‌ಸಾಬ್, ಶಿರಾಳಕೊಪ್ಪದವನು, ಮಾತು ಕಡಿಮೆ. ಡಾಕ್ಟರು ಮುಂದೆ, ನಾನು ಹಿಂದೆ ಐಸಿನ ಪೆಟ್ಟಿಗೆಯನ್ನು ಎರಡು ಮೊಣಕಾಲಿನ ನಡುವೆ ಒತ್ತಿಕೊಂಡು ಕೂತಿದ್ದೆ. ಮತ್ತಿಮರ ಬಂತು. ನಮ್ಮ ಕೊನೆಯ ಕಲ್ಲು ದಾಟಿತು. ಬುಡೇನ್‌ಸಾಬ್ ವೇಗ ಇಳಿಸಿದ. ಗಾಡಿ ಜಾಡು ಎರಡು ಕಡೆ ಮೊಣಕಾಲುದ್ದ ಕೊರೆದಿತ್ತು, ನಡುವಿನ ದಿಬ್ಬ ಜೀಪಿನ ಹೊಟ್ಟೆಗೆ ತಾಗುತ್ತಿತ್ತು.

"ಇನ್ನೆಷ್ಟು ಐತ್ರೀ ಮೇಸ್ತ್ರಿ, ಈ ಹಾದಿ?"

"ಎರಡು ಮೈಲಿ" ಎಂದೆ.

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದ. ಜೀಪಿನ ಮೈಲಿ ಮೀಟರು ಸರಿಯಾಗಿ ಓಡುತ್ತಿತ್ತು, ಅವನ ಕಣ್ಣು ಅದರ ಮೇಲೆಯೇ ಇತ್ತು. "ಎರಡಾತಲ್ರೀ."

"ಹಾಂ, ಇಲ್ಲೇ, ಬಂತು" ಎಂದೆ.

ಎರಡೂವರೆ ಮೈಲಿಗೆ ಒಂದು ಹಳ್ಳ ಬಂತು. ಬೇಸಗೆಯಲ್ಲಿ ನೀರಿರಲಿಲ್ಲ, ಹಾಸಿಗೆಯಷ್ಟು ಮೆತ್ತಗಿನ ಮರಳು. ಇಳಿದ ಜೀಪು ನಡುವೆ ಹೂತಿತು. ಬುಡೇನ್‌ಸಾಬ್ ಹಿಂದೆ ತೆಗೆದ, ಮುಂದೆ ತೆಗೆದ. ಚಕ್ರ ಗುಂಡಿ ತೋಡಿಕೊಂಡು ಇಳಿಯಿತು. ಡಾಕ್ಟರು ಕೋಟು ಬಿಚ್ಚಿ ಎಸೆದು ನನ್ನ ಜೊತೆ ಸೊಪ್ಪು ಮುರಿದು ತಂದು ಚಕ್ರಕ್ಕೆ ಹಾಕಿದರು. ಅವರ ಕೈಗೆ ಮುಳ್ಳು ಗೀಚಿ ರಕ್ತ ಬರುತ್ತಿತ್ತು. ನಾನು ಮರಳು ಬಾಚುತ್ತಾ, ಈ ಹಳ್ಳ ನನ್ನ ಪುಸ್ತಕದಲ್ಲಿ ಇಲ್ಲವಲ್ಲ ಎಂದು ಯೋಚಿಸುತ್ತಿದ್ದೆ. ಸರಪಣಿ ಹಿಡಿದು ಒಂದೇ ಸಲ ನಡೆದಿದ್ದರೂ ಸಾಕಿತ್ತು. ಮುಖ ಎತ್ತಲು ಧೈರ್ಯ ಆಗಲಿಲ್ಲ.

ಒಂದು ಜೊತೆ ಎತ್ತು ಸಿಕ್ಕಿ ಎಳೆಸಿ ಆಚೆ ದಂಡೆ ಹತ್ತುವ ಹೊತ್ತಿಗೆ ಒಂದು ಗಂಟೆಯ ಮೇಲೆ ಹೋಗಿತ್ತು. ಆಮೇಲೂ ಆ ಹಳ್ಳಿ ಬರಲಿಲ್ಲ. ಮೂರು ಮೈಲಿ ಆಯಿತು, ನಾಲ್ಕಾಯಿತು. ಬುಡೇನ್‌ಸಾಬ್ ಕೇಳುವುದನ್ನು ಬಿಟ್ಟ. ಅವನ ಮೀಟರಿನ ಪ್ರಕಾರ ಆಚೆಯ ಮೊದಲ ಕಲ್ಲು ಐದು ಮೈಲಿ ಮೂರು ಫರ್ಲಾಂಗಿಗೆ ಬಂತು. ಒಂದು ಸಲ ಕನ್ನಡಿಯಲ್ಲಿ ನನ್ನ ಕಡೆ ನೋಡಿದ, ಅಷ್ಟೇ.

ಡಾಕ್ಟರು ಗಡಿಯಾರ ನೋಡುತ್ತಲೇ ಇದ್ದರು. ಹುಬ್ಬಳ್ಳಿ ದಾಟಿದಾಗ "ಇನ್ನಾ ಆಗಬಹುದು" ಅಂದರು. ಧಾರವಾಡ ದಾಟಿದಾಗ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು. ವಿಮಾನ ನಿಲ್ದಾಣದ ಬಯಲಿಗೆ ಮುಟ್ಟಿದಾಗ ಎರಡೂ ಮುಕ್ಕಾಲು. ಖಾಲಿ ಬಯಲು, ಬಿಸಿಲು, ಒಂದು ಶೆಡ್ಡಿನ ನೆರಳಲ್ಲಿ ಒಬ್ಬ ಬಸಿ ಹಿಡಿದು ಚಹಾ ಊದುತ್ತಿದ್ದ.

"ವಿಮಾನ?" ಎಂದು ಡಾಕ್ಟರು ಕೇಳಿದರು.

"ಎರಡಕ್ಕ ಹೋತಲ್ರೀ. ಇನ್ನ ಅರ್ಧ ತಾಸಿಗೆ ಪುಣೆದಾಗ ಇಳೀತೈತಿ" ಅಂದ ಆತ.

ಡಾಕ್ಟರು ಪೆಟ್ಟಿಗೆಯ ಮುಚ್ಚಳ ತೆಗೆದರು. ಮರದ ಹೊಟ್ಟು ನೀರಿನಲ್ಲಿ ತೇಲುತ್ತಿತ್ತು. ದೊಡ್ಡ ರಸ್ತೆಯಲ್ಲಿ ಬಂದಿದ್ದರೆ ಒಂದೂಕಾಲಿಗೆ, ತಡ ಅಂದರೂ ಒಂದೂವರೆಗೆ ಇಲ್ಲಿರುತ್ತಿದ್ದೆವು. ಅದನ್ನು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಊರೊಳಗಿನ ಸೋಡಾ ಅಂಗಡಿಯೊಂದರಲ್ಲಿ ಒಂದು ಹಿಡಿ ಐಸು ಸಿಕ್ಕಿತು. ಡಾಕ್ಟರು ಪೆಟ್ಟಿಗೆ ಹೊತ್ತುಕೊಂಡು ಸಂಜೆಯ ರೈಲು ಹತ್ತಿದರು. ಹೋಗುವಾಗ ನನ್ನನ್ನು ಬೈಯಲಿಲ್ಲ. "ಹಳ್ಳ ಇರೂದು ನಿಮಗ ಗೊತ್ತಿದ್ದಿಲ್ಲೇನ್ರೀ?" ಎಂದು ಕೇಳಿದರು, ಅಷ್ಟೆ. "ನಾನು ಅಳೆದಾಗ ಮರಳು ಇಷ್ಟಿರಲಿಲ್ಲ ಸಾರ್" ಎಂದೆ. ಥೂ, ನನ್ನ ಬಾಯಿಗೆ ಮಣ್ಣು ಹಾಕ.

ಹುಚ್ಚಮ್ಮ ಐದನೆಯ ದಿನಕ್ಕೆ ತೀರಿಕೊಂಡಳು. ಪುಣೆಯ ಕಾಗದ ಆಮೇಲೆ ಬಂತು: ರಕ್ತ ಕೆಟ್ಟುಹೋಗಿತ್ತು, ಪರೀಕ್ಷೆ ಮಾಡಲು ಆಗಲಿಲ್ಲ. ಆ ಬೇಸಗೆಯಲ್ಲೇ ಬೇರೆ ಹಳ್ಳಿಗಳಿಂದ ಹೋದ ರಕ್ತಕ್ಕೆ ಉತ್ತರ ಬಂತು. ಉಣ್ಣಿಯಿಂದ ಹರಡುವ ಕಾಡಿನ ಜ್ವರ ಎಂದು ಪಕ್ಕಾ ಆಯಿತು. ಗುತ್ಯಪ್ಪನ ಊರಿನವರು ಅದನ್ನೂ ತಮಗೆ ಬೇಕಾದ ಹಾಗೆ ತಿರುಗಿಸಿಕೊಂಡರು. "ಉಳಿದೋರಿಗೆ ಜ್ವರ ಹೌದು. ಇವನ ಹೆಂಡ್ತಿ ರಕ್ತದಾಗೆ ಪುಣೆಯೋರಿಗೂ ಏನೂ ಸಿಗಲಿಲ್ಲ ನೋಡು. ಶಾಪ ಅಂದ್ರೆ ಅದು" ಅಂದರು. ಆರು ತಿಂಗಳಲ್ಲಿ ಗುತ್ಯಪ್ಪ ಗದ್ದೆ ಬೇರೆಯವರ ಪಾಲಿಗೆ ಬಿಟ್ಟು, ಮಗಳನ್ನು ತಂಗಿಯ ಮನೆಗೆ ಕಳಿಸಿ ಊರು ಬಿಟ್ಟ ಎಂದು ಕೇಳಿದೆ.

ವಿಮಾನ ತಪ್ಪಿದ್ದಕ್ಕೆ ವಿವರಣೆ ಕೊಡಿ ಎಂದು ಮೇಲಿನಿಂದ ಪತ್ರ ಬಂದಿತ್ತು. ಮಾಧವರಾಯರು ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, "ದೂರ ಸರಿ ಇತ್ತೇನಯ್ಯಾ?" ಎಂದು ಕೇಳಿದರು. "ಸರಿ ಇತ್ತು ಸಾರ್, ಡ್ರೈವರ್ ಜಾಡು ತಪ್ಪಿ ಹಳ್ಳಕ್ಕೆ ಇಳಿಸಿದ" ಎಂದೆ. ಹಾಗೆಯೇ ಬರೆದು ಕಳಿಸಿದರು, ಕೆಳಗೆ ನಾನೂ ಸಹಿ ಹಾಕಿದೆ. ಬುಡೇನ್‌ಸಾಬನನ್ನು ಜೀಪಿನಿಂದ ಇಳಿಸಿ ರೋಡ್‌ರೋಲರಿಗೆ ಹಾಕಿದರು. ಅವನು ಒಂದು ದಿನವೂ ನನ್ನ ಹತ್ತಿರ ಬಂದು ಜಗಳ ಆಡಲಿಲ್ಲ. ಎದುರು ಸಿಕ್ಕಾಗ "ಸಲಾಂ ಮೇಸ್ತ್ರಿ" ಅನ್ನುತ್ತಿದ್ದ. ಆ ಸಲಾಮಿಗಿಂತ ಕಪಾಳಕ್ಕೆ ಹೊಡೆದಿದ್ದರೆ ನನಗೆ ಹಿತವಾಗಿರುತ್ತಿತ್ತು.

ಇಷ್ಟಾದ ಮೇಲೆ ನಾನು ಒಳ್ಳೆಯ ಕೆಲಸಗಾರನಾದೆ. ಇದು ಹೊಗಳಿಕೆ ಅಲ್ಲ, ಹೆದರಿಕೆ. ಸೈಕಲ್ಲಿನ ಕೆಂಪು ಬಟ್ಟೆ ಬಿಚ್ಚಿ ಎಸೆದೆ. ಅಳತೆಯ ಗಾಲಿ ನಮ್ಮ ಸೆಕ್ಷನ್ನಿಗೆ ಬಂದಾಗಲೂ ಅದರ ಜೊತೆ ಸರಪಣಿ ಎಳೆಸಿ ತಾಳೆ ನೋಡುತ್ತಿದ್ದೆ. "ಇವನಿಗೆ ಯಾವ ದೆವ್ವ ಹೊಕ್ಕಿದೆ?" ಎಂದು ಆಳುಗಳು ಬೈದುಕೊಳ್ಳುತ್ತಿದ್ದರು. ನಾನು ಎಲ್ಲಿಯವರೆಗೆ ನಡೆದೆನೋ ಅಲ್ಲಿಯವರೆಗೆ ಮಾತ್ರ ಬರೆಯುತ್ತಿದ್ದೆ, ಉಳಿದದ್ದನ್ನು ಖಾಲಿ ಬಿಡುತ್ತಿದ್ದೆ. ಮಾಧವರಾಯರು ಕೂಗಾಡಿದರೂ ತುಂಬುತ್ತಿರಲಿಲ್ಲ. ನನ್ನಿಂದ ಕಲಿಯುವುದಿದ್ದರೆ ಹುಡುಗರು ಇದೊಂದನ್ನು ಕಲಿಯಲಿ.

ಮರುವರ್ಷದ ಬೇಸಗೆಗೆ ಆ ಜಾಡನ್ನೇ ರಸ್ತೆ ಮಾಡುವ ಕೆಲಸ ಬಂತು. ಮತ್ತಿಮರದ ಹತ್ತಿರ ಕ್ಯಾಂಪು ಹಾಕಿದೆವು. ಜಲ್ಲಿ ಒಡೆಯುವ ಗುಂಪಿನಲ್ಲಿ ಗುತ್ಯಪ್ಪ ಇದ್ದ. ಗಡ್ಡ ಬಿಟ್ಟಿದ್ದ, ಮೊದಲು ಗುರುತು ಸಿಗಲಿಲ್ಲ. ಅವನೇ ಸುತ್ತಿಗೆ ಕೆಳಗಿಟ್ಟು "ಅರಾಮಾ ಮೇಸ್ತ್ರೇರೇ?" ಎಂದು ಕೇಳಿದ. ನಾಲ್ಕು ದಿನ ನಾನು ಅವನಿದ್ದ ಕಡೆ ಹೋಗಲಿಲ್ಲ. ಐದನೆಯ ದಿನ ಮಧ್ಯಾಹ್ನ ಅವನು ಒಬ್ಬನೇ ನೆರಳಲ್ಲಿ ಬುತ್ತಿ ಬಿಚ್ಚಿದ್ದಾಗ ಹೋಗಿ ಪಕ್ಕದಲ್ಲಿ ಕೂತೆ.

"ಗುತ್ಯಪ್ಪ, ಈ ದಾರಿ ನಾನು ಅಳೆದಿರಲಿಲ್ಲ. ಅಳೆದೆ ಅಂತ ನಿನಗೆ ಸುಳ್ಳು ಹೇಳಿದೆ. ವಿಮಾನ ತಪ್ಪಿದ್ದು ನನ್ನಿಂದ" ಎಂದೆ.

ಅವನು ತುತ್ತು ನುಂಗಿದ. "ಗೊತ್ತು ಕಣ್ರೀ" ಅಂದ.

"ಹೆಂಗೆ?"

"ಡ್ರೈವರ್ ಸಾಬರು ಅವಳ ಮಣ್ಣಿಗೆ ಬಂದಿದ್ರು. ನಮ್ಮೂರೋರು ಒಬ್ರೂ ಬರಲಿಲ್ಲ, ಅವರು ಬಂದ್ರು. ಹೆಗಲು ಕೊಟ್ರು. ಅವತ್ತೇ ಹೇಳಿದ್ರು."

ಅವನ ಕೈ ಹಿಡಿಯಲು ಹೋದೆ. ಅವನ ಕೈ ಎಂಜಲಾಗಿತ್ತು, ಹಿಂದಕ್ಕೆ ತೆಗೆದುಕೊಂಡ. "ನನ್ನ ಕ್ಷಮಿಸು ಮಾರಾಯ" ಎಂದೆ.

"ಅಯ್ಯೋ, ಅದೆಂತಕ್ಕೆ ಬಿಡ್ರಿ. ನೀವು ಬೇಕು ಅಂತ ಮಾಡಿದ್ದಲ್ಲ." ಬುತ್ತಿಯ ಗಂಟು ಕಟ್ಟಿದ. ಆಮೇಲೆ ಮೆಲ್ಲಗೆ, "ನನಗೆ ಹೇಳಿದ್ರಿ, ಆತು. ಒಂದು ಸಲ ನಮ್ಮೂರಿಗೆ ಬಂದು ಅವರೆದುರಿಗೆ ಹೇಳ್ತೀರೇನ್ರೀ? ಡ್ರೈವರ್ ಸಾಬರು ಹೇಳಿದ್ರೆ ಯಾರೂ ಕೇಳಲಿಲ್ಲ. ನೀವು ಸರ್ಕಾರದೋರು, ಪುಸ್ತಕ ಬರೆದೋರು. ದಾರಿ ತಪ್ಪಿ ರಕ್ತ ಕೆಡ್ತು, ಶಾಪ ಅಲ್ಲ ಅಂತ ಅಷ್ಟು ಹೇಳಿದ್ರೆ ಸಾಕು. ಮಗಳು ದೊಡ್ಡೋಳಾಗ್ತಾ ಬಂದ್ಲು. ನಾಳೆ ಅಮಾಸೆ, ಎಲ್ಲ ದೇವಸ್ಥಾನದ ಕಟ್ಟೆ ಮೇಲೆ ಇರ್ತಾರೆ" ಅಂದ.

"ಬರ್ತೀನಿ, ಖಂಡಿತ ಬರ್ತೀನಿ" ಎಂದೆ. ಹೇಳುವಾಗ ನಿಜವಾಗಿಯೂ ಹೋಗುವ ಮನಸ್ಸೇ ಇತ್ತು.

ಆಮೇಲೆ ಯೋಚನೆ ಶುರುವಾಯಿತು. ಊರೆದುರು ಹೇಳಿದರೆ ಮಾತು ಆನವಟ್ಟಿಗೆ ಮುಟ್ಟುತ್ತದೆ, ಆನವಟ್ಟಿಯಿಂದ ಮಾಧವರಾಯರಿಗೆ. ಸಹಿ ಮಾಡಿದ ವಿವರಣೆ ಸುಳ್ಳಾಗುತ್ತದೆ, ಕೆಲಸ ಹೋಗಬಹುದು. ಮನೆಯಲ್ಲಿ ನನ್ನ ಹೆಂಡತಿ ಮೊದಲ ಹೆರಿಗೆಗೆ ದಿನ ಎಣಿಸುತ್ತಿದ್ದಳು. ಹೀಗೆ ಒಂದೊಂದೇ ಕಾರಣ ಕೂಡಿಸಿಕೊಂಡೆ.

ಮರುದಿನ ಬೆಳಗ್ಗೆ ಗುತ್ಯಪ್ಪ ಕ್ಯಾಂಪಿನ ಎದುರಿಗೆ ಬಂದು ನಿಂತಿದ್ದ. ಗಡ್ಡ ತೆಗೆಸಿದ್ದ. ಒಗೆದ ಬಿಳಿ ಅಂಗಿ ಹಾಕಿಕೊಂಡಿದ್ದ, ಹೆಗಲ ಮೇಲೆ ಮಡಿಸಿದ ಟವೆಲ್ಲು. ಮದುವೆಗೆ ಹೊರಟವನ ಹಾಗೆ ಕಾಣುತ್ತಿದ್ದ. "ಹೋಗಾಣೇನ್ರೀ?" ಎಂದು ಕೇಳಿದ.

"ಇವತ್ತು ಆಗಲ್ಲ ಗುತ್ಯಪ್ಪ, ಸಾಹೇಬರ ಇನ್‌ಸ್ಪೆಕ್ಷನ್ ಇದೆ" ಎಂದೆ.

ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿದ. "ಹಂಗಾ, ಆತು ಬಿಡ್ರಿ" ಅಂದ. ಬಿಳಿ ಅಂಗಿ ಬಿಚ್ಚಿ ಮಡಿಸಿ ಮರದ ಕೊಂಬೆಗೆ ಹಾಕಿ, ಸುತ್ತಿಗೆ ತೆಗೆದುಕೊಂಡು ಜಲ್ಲಿಯ ರಾಶಿಯ ಹತ್ತಿರ ಹೋಗಿ ಕೂತ. ಆ ವಾರ ಮುಗಿಯುವುದರೊಳಗೆ ಬೇರೆ ಕಡೆ ಕೆಲಸಕ್ಕೆ ಹೋದ. ಮತ್ತೆ ನನ್ನನ್ನು ಕೇಳಲಿಲ್ಲ, ಮತ್ತೆ ನನ್ನ ಕಣ್ಣಿಗೂ ಬೀಳಲಿಲ್ಲ.

ಅವನ ಊರು ನಮ್ಮ ಕ್ಯಾಂಪಿಗೆ ಮೂರು ಮೈಲಿ ಆರು ಫರ್ಲಾಂಗು. ಅದನ್ನು ನಾನು ಸರಪಣಿ ಹಿಡಿದು ಅಳೆದಿದ್ದೆ. ಅವತ್ತು ಯಾವ ಸಾಹೇಬರ ಇನ್‌ಸ್ಪೆಕ್ಷನ್ನೂ ಇರಲಿಲ್ಲ.